ಪೋತ್ತನೂರಿನ ತಾರಸಿಯಿಂದ ಮೈಸೂರಿಗೆ ಮಾತು: ಟ್ಯೂನರ್ ಇದ್ದರೆ ಸಾಕೇ?

ಪೋತ್ತನೂರು: ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಇಲ್ಲಿಂದ ಮೈಸೂರು ಸುಮಾರು 150 ಕಿಲೋಮೀಟರ್. ಬೆಂಗಳೂರು 230ರ ಆಸುಪಾಸು, ಕಾಸರಗೋಡು 275ರ ಹತ್ತಿರ. ದೂರವೇನೂ ಅಲ್ಲ. ಆದರೆ ಮೈಸೂರಿನ ದಿಕ್ಕಿಗೆ ನೀಲಗಿರಿ ಅಡ್ಡ ನಿಂತಿದೆ. ದೊಡ್ಡಬೆಟ್ಟದ ಎತ್ತರವೇ 2,637 ಮೀಟರ್. ಬೆಂಗಳೂರಿನ ದಿಕ್ಕಿಗೆ ಸತ್ಯಮಂಗಲ, ಬಿಳಿಗಿರಿ ಕಡೆಯ ಬೆಟ್ಟಸಾಲು. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಅಲೆಗೆ ಈ ಗೋಡೆ ದಾಟೋದು ಆಗದ ಮಾತು.

ಹ್ಯಾಮ್ ರೇಡಿಯೊದವರು ಇದಕ್ಕೆ ಹಳೆಯ ಉಪಾಯವೊಂದನ್ನು ಇಟ್ಟುಕೊಂಡಿದ್ದಾರೆ. ಅಲೆಯನ್ನು ಬೆಟ್ಟದ ಕಡೆಗೆ ಕಳಿಸುವುದೇ ಬೇಡ, ನೇರ ಮೇಲಕ್ಕೆ ಕಳಿಸಿ. 7 ಮೆಗಾಹರ್ಟ್ಜ್ ಸುತ್ತಿನ ಅಲೆ ಹಗಲಿನಲ್ಲಿ ಅಯಾನುಗೋಳಕ್ಕೆ ತಾಗಿ, ಕೊಡೆಯ ಮೇಲಿಂದ ಸುರಿದ ನೀರಿನಂತೆ ಸುತ್ತಲಿನ ಮುನ್ನೂರು, ನಾನ್ನೂರು ಕಿಲೋಮೀಟರ್‌ಗೆ ಇಳಿಯುತ್ತದೆ. ಬೆಟ್ಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹ್ಯಾಮ್‌ಗಳು ‘ನಲವತ್ತು ಮೀಟರ್ ಬ್ಯಾಂಡ್’ ಎಂದು ಕರೆಯುವ ಈ ಪಟ್ಟಿ ನಮ್ಮ ದೇಶದಲ್ಲಿ 7,000ದಿಂದ 7,200 ಕಿಲೋಹರ್ಟ್ಜ್‌ವರೆಗೆ ಹವ್ಯಾಸಿಗಳಿಗೆ ಮೀಸಲು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಒಳಗೆ ಕನ್ನಡ, ಹೊರಗೆ ತಮಿಳು. ಎಷ್ಟೋ ಮನೆಗಳ ನೆಂಟಸ್ತಿಕೆ ಗಡಿಯಾಚೆಗೂ ಹಬ್ಬಿದೆ. ಮೊಬೈಲ್ ಇರುವಾಗ ರೇಡಿಯೊ ಯಾಕೆ ಬೇಕು ಎಂದು ಕೇಳುವವರಿಗೆ 2024ರ ಜುಲೈ 30ರ ನಸುಕನ್ನು ನೆನಪಿಸಬೇಕು. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಹ್ಯಾಮ್‌ಗಳು ಕಲ್ಪೆಟ್ಟದಲ್ಲಿ ಸೆಟ್ಟು ಹೂಡಿ ಮಾತು ದಾಟಿಸಿದರು. ಅಲ್ಲಿ ಕೆಲಸಕ್ಕೆ ಬಂದದ್ದು ಹತ್ತಿರದ ಊರುಗಳ ನಡುವಿನ ವಿಎಚ್‌ಎಫ್ ಸೆಟ್ಟು. ಬೆಟ್ಟ ದಾಟಿ ಇನ್ನೊಂದು ರಾಜ್ಯಕ್ಕೆ ಮಾತು ತಲುಪಬೇಕಾದರೆ ನಲವತ್ತು ಮೀಟರ್ ಬೇಕು. ಅದಕ್ಕೆ ಉದ್ದ ತಂತಿ ಬೇಕು. ತೊಡಕು ಶುರುವಾಗುವುದು ಇಲ್ಲಿಯೇ.

ಮೂರು ಸೆಂಟ್ ಜಾಗ, 66 ಅಡಿ ತಂತಿ

7.1 ಮೆಗಾಹರ್ಟ್ಜ್‌ಗೆ ಸರಿಯಾದ ಡೈಪೋಲ್ ಆಂಟೆನಾ ಎಂದರೆ ಸುಮಾರು 20 ಮೀಟರ್, ಅಂದರೆ 66 ಅಡಿ ತಂತಿ. ನಡುವೆ ಕತ್ತರಿಸಿ ಅಲ್ಲಿಂದ ಕೇಬಲ್ ಇಳಿಸಬೇಕು. ಪೋತ್ತನೂರಿನ ಒಂದು ಮನೆ ಮೂರು ಸೆಂಟ್‌ಗೆ ಸ್ವಲ್ಪ ಕಡಿಮೆ ಜಾಗದಲ್ಲಿ ಎದ್ದಿದೆ ಎಂದುಕೊಳ್ಳಿ. ಬೆಂಗಳೂರಿನವರ ಲೆಕ್ಕದಲ್ಲಿ 30-40ರ ಸೈಟು. ಮೂಲೆಯಿಂದ ಮೂಲೆಗೆ ಅಳೆದರೆ 50 ಅಡಿ. ಇನ್ನೂ 16 ಅಡಿ ತಂತಿಗೆ ಜಾಗವಿಲ್ಲ. ಪಕ್ಕದ ಮನೆಯವರ ಕಂಬ ಕೇಳೋಣ ಎಂದರೆ ಎಲ್ಲರೂ ಒಪ್ಪುವುದಿಲ್ಲ. ‘ತಂತಿ ಕಟ್ಟಿದ್ರೆ ನಮ್ಮ ಮನೆಗೆ ಸಿಡಿಲು ಬರ್ತದೆ’ ಎನ್ನುವ ಭಯ ಬೇರೆ.

ಇಂಥ ಕಡೆ ಹೆಚ್ಚಿನವರು ಹಿಡಿಯುವ ದಾರಿ ಎರಡು. ಮೊದಲನೆಯದು, ಸಿಕ್ಕ ಉದ್ದದ ಒಂದೇ ತಂತಿ ಎಳೆದು, ಅದರ ಬುಡದಲ್ಲಿ ಒಂಬತ್ತಕ್ಕೊಂದರ ಟ್ರಾನ್ಸ್‌ಫಾರ್ಮರ್ ಕೂರಿಸಿ, ಉಳಿದದ್ದನ್ನು ಆಟೊಮ್ಯಾಟಿಕ್ ಟ್ಯೂನರ್‌ಗೆ ಬಿಡುವುದು. ಸಿಕ್ಕ ಉದ್ದ ಎಂದರೂ ಪೂರ್ತಿ ಮನಸ್ಸಿಗೆ ಬಂದ ಉದ್ದವಲ್ಲ. ಯಾವ ಬ್ಯಾಂಡಿನಲ್ಲಿಯೂ ಅರ್ಧ ಅಲೆಯ ಲೆಕ್ಕಕ್ಕೆ ಸಿಕ್ಕಿಬೀಳದ ಉದ್ದ ಬೇಕು. 33 ಅಡಿ, 66 ಅಡಿ ಆದರೆ ತುದಿಯಲ್ಲಿ ವಿಪರೀತ ವೋಲ್ಟೇಜ್ ಎದ್ದು ಟ್ಯೂನರ್ ಕೈಚೆಲ್ಲುತ್ತದೆ. ಹ್ಯಾಮ್‌ಗಳ ನಡುವೆ ಬಹುಕಾಲದಿಂದ ಓಡಾಡುವ ಅಳತೆ 41 ಅಡಿ. 30-40ರ ಸೈಟಿನಲ್ಲಿ ಅದು ಆರಾಮಾಗಿ ಕೂರುತ್ತದೆ. ಈ ತಂತಿಗೆ ಜೋಡಿಯಾಗಿ ಪ್ಯಾರಾಪೆಟ್ ಗೋಡೆಯ ಉದ್ದಕ್ಕೂ ಒಂದೆರಡು ತಂತಿ ಹಾಸಬೇಕು. ಇದನ್ನು ಕೌಂಟರ್‌ಪಾಯ್ಸ್ ಅಂತಾರೆ. ಹಾಸದಿದ್ದರೆ ಕೇಬಲ್ಲಿನ ಹೊರಮೈಯೇ ಆಂಟೆನಾ ಆಗಿ, ಅಲೆ ಕೋಣೆಯೊಳಗೆ ಬಂದು, ಮೈಕಿಗೆ ತುಟಿ ತಾಗಿದರೆ ಚುರ್ ಅನ್ನುತ್ತದೆ.

ಎರಡನೆಯ ದಾರಿ ಸ್ವಲ್ಪ ಒದ್ದಾಟದ್ದು. 66 ಅಡಿಯ ಡೈಪೋಲನ್ನೇ ಕಟ್ಟಿ, 50 ಅಡಿಯನ್ನು ಮೂಲೆಯಿಂದ ಮೂಲೆಗೆ ಎಳೆದು, ಎರಡೂ ಕೊನೆಯ ಎಂಟೆಂಟು ಅಡಿಯನ್ನು ಸೈಟಿನ ಅಂಚಿಗೆ ಸಮವಾಗಿ ತಿರುಗಿಸಿಬಿಡುವುದು. ಬಾಗಿದ ತಂತಿ ನೋಡಲು ಚೆಂದವಲ್ಲ. ಆದರೆ ಉದ್ದ ಸರಿಯಿರುವುದರಿಂದ ಟ್ಯೂನರ್‌ಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಎರಡು ಅಂತಸ್ತಿನ ಮನೆಯ ತಾರಸಿಯ ಮೇಲೆ ಹನ್ನೆರಡು ಅಡಿ ಕಂಬ ನಿಲ್ಲಿಸಿದರೆ ನೆಲದಿಂದ ಸುಮಾರು ಹತ್ತು ಮೀಟರ್ ಎತ್ತರ ಸಿಗುತ್ತದೆ. ಮೈಸೂರು, ಬೆಂಗಳೂರಿಗೆ ಮಾತಾಡಲು ಇದಕ್ಕಿಂತ ಎತ್ತರ ಬೇಕಿಲ್ಲ. ತಗ್ಗಿನ ತಂತಿಯೇ ಅಲೆಯನ್ನು ನೇರ ಮೇಲಕ್ಕೆ ಎಸೆಯುತ್ತದೆ. ನಲವತ್ತು ಮೀಟರ್ ಒಂದೇ ಸಾಕು ಎನ್ನುವವರು ಈ ಎರಡನೆಯದನ್ನೇ ಹಿಡಿಯುವುದು ಮೇಲು.

ಪೆಟ್ಟಿಗೆಯೊಳಗಿನ ಟಿಕ್ ಟಿಕ್

ಹ್ಯಾಮ್ ಸೆಟ್ಟುಗಳೆಲ್ಲ 50 ಓಮ್ ಎಂಬ ಅಳತೆಗೆ ತಯಾರಾದವು. ಆಂಟೆನಾ ಕಡೆಯಿಂದಲೂ 50 ಓಮ್ ಕಂಡರೆ ಕಳಿಸಿದ ಶಕ್ತಿಯೆಲ್ಲ ಮುಂದೆ ಹೋಗುತ್ತದೆ. ಬೇರೆ ಕಂಡರೆ ಒಂದಿಷ್ಟು ಹಿಂದಿರುಗುತ್ತದೆ. ಈ ಹಿಂದಿರುಗುವಿಕೆಯ ಅಳತೆಯೇ ಎಸ್‌ಡಬ್ಲ್ಯುಆರ್. ಒಂದೂವರೆ ಇದ್ದರೆ ನೂರರಲ್ಲಿ 4 ಪಾಲು ವಾಪಸು, ಎರಡಿದ್ದರೆ 11, ಮೂರಿದ್ದರೆ 25. ಈಗಿನ ಸೆಟ್ಟುಗಳು ಎರಡು, ಮೂರು ದಾಟುತ್ತಿದ್ದಂತೆ ತಮ್ಮನ್ನು ಉಳಿಸಿಕೊಳ್ಳಲು ಪವರ್ ಇಳಿಸಿಬಿಡುತ್ತವೆ. ಕೈಯಲ್ಲೇ ಜೋಡಿಸಿದ ಸೆಟ್ಟುಗಳಿಗೆ ಆ ಬುದ್ಧಿ ಇರುವುದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ‘ಬಿಟ್‌ಎಕ್ಸ್’ ಸರ್ಕ್ಯೂಟನ್ನು ನಮ್ಮ ದೇಶದ ಎಷ್ಟೋ ಹವ್ಯಾಸಿಗಳು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿದ್ದಾರೆ. ಆಂಟೆನಾ ಹೊಂದದಿದ್ದರೆ ಇಂಥ ಸೆಟ್ಟಿನಲ್ಲಿ ಮೊದಲು ಜೀವ ಬಿಡುವುದು ಕೊನೆಯ ಟ್ರಾನ್ಸಿಸ್ಟರ್.

ಟ್ಯೂನರ್ ಕೂರುವುದು ಸೆಟ್ಟಿಗೂ ಆಂಟೆನಾಕ್ಕೂ ನಡುವೆ. ಹಿಂದೆ ಇದನ್ನು ಕೈಯಿಂದ ತಿರುಗಿಸುತ್ತಿದ್ದರು. ವಾಲ್ವ್ ರೇಡಿಯೊ ಬಿಚ್ಚಿ ನೋಡಿದವರಿಗೆ ಗ್ಯಾಂಗ್ ಕಂಡೆನ್ಸರ್ ಗೊತ್ತು. ಅಂಥವೆರಡು, ಜತೆಗೊಂದು ಕಾಯಿಲ್. ಒಂದನ್ನು ತಿರುಗಿಸಿ ಸೂಜಿ ನೋಡು, ಇನ್ನೊಂದನ್ನು ತಿರುಗಿಸು, ಮತ್ತೆ ಮೊದಲನೆಯದಕ್ಕೆ ಬಾ. ಆಟೊಮ್ಯಾಟಿಕ್ ಟ್ಯೂನರ್‌ನಲ್ಲಿ ಈ ಕೆಲಸ ಸಣ್ಣ ಚಿಪ್ಪಿನದು. ಒಳಗೆ ಎಂಟು ಕಾಯಿಲ್, ಎಂಟು ಕೆಪ್ಯಾಸಿಟರ್ ಇವೆ ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಒಂದು ರಿಲೇ. ಎಂಟು ಕಾಯಿಲ್‌ಗಳನ್ನು ಸೇರಿಸುವ, ಬಿಡುವ ಬಗೆ 256. ಕೆಪ್ಯಾಸಿಟರ್‌ಗಳದೂ 256. ಕೆಪ್ಯಾಸಿಟರ್‌ಗಳನ್ನು ಸೆಟ್ಟಿನ ಕಡೆಗೆ ಹಾಕುವುದೋ ಆಂಟೆನಾ ಕಡೆಗೋ ಎಂಬುದು ಎರಡು ಬಗೆ. ಗುಣಿಸಿದರೆ 1,31,072. ಅಷ್ಟರಲ್ಲಿ ಒಂದನ್ನು ಚಿಪ್ಪು ಕೆಲವೇ ಸೆಕೆಂಡಿನಲ್ಲಿ ಹುಡುಕುತ್ತದೆ. ಕೇಳಿಸುವ ಟಿಕ್ ಟಿಕ್ ಸದ್ದು ರಿಲೇಗಳದು.

ರಿಲೇ ಎಂದರೇನು ಎಂದು ಪೋತ್ತನೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದ್ರಾಸಿನಿಂದ ಪಶ್ಚಿಮ ಕರಾವಳಿಗೆ ಹೊರಟ ರೈಲು ಹಾದಿ 1862ರಲ್ಲಿಯೇ ಈ ಊರನ್ನು ಮುಟ್ಟಿತ್ತು. ದಕ್ಷಿಣ ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ವರ್ಕ್‌ಶಾಪ್ ಇರುವುದೂ ಇಲ್ಲಿಯೇ. ಸಿಗ್ನಲ್ ಕೆಂಪೋ ಹಸಿರೋ ಎಂದು ರಿಲೇ ಕೊಟ್ಟ ತೀರ್ಪಿನ ಮೇಲೆ ಬದುಕಿದ ಊರು ಇದು. ಮಗ್ಗದ ಮನೆಯವರಿಗೆ ಬೇರೆ ಹೋಲಿಕೆ ಹೇಳಬಹುದು. ಜಕಾರ್ಡಿನ ರಟ್ಟಿನಲ್ಲಿ ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಟ್ಯೂನರ್ ಪ್ರತಿ ಫ್ರೀಕ್ವೆನ್ಸಿಗೂ ಅಂಥದೊಂದು ರಟ್ಟು ಹೊಡೆದು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಫ್ರೀಕ್ವೆನ್ಸಿಗೆ ಬಂದರೆ ಹುಡುಕಾಟವಿಲ್ಲ, ಒಂದೇ ಟಿಕ್.

ಕಣ್ಣು ಕಾಣದ ಹ್ಯಾಮ್‌ಗಳಿಗಂತೂ ಈ ಪೆಟ್ಟಿಗೆ ದೊಡ್ಡ ಉಪಕಾರ. ಸೂಜಿ ನೋಡುತ್ತಾ ಎರಡು ಕೈಯಲ್ಲಿ ತಿರುಗಿಸುವ ಕಷ್ಟ ತಪ್ಪಿತು.

ಹೊಂದಿಸುವಾಗ

ಜೋಡಣೆ ಸುಲಭ. ಸೆಟ್ಟಿನ ಆಂಟೆನಾ ಸಾಕೆಟ್‌ನಿಂದ ಮೊಳದುದ್ದದ ಕೇಬಲ್ ಟ್ಯೂನರ್‌ಗೆ, ಟ್ಯೂನರ್‌ನಿಂದ ಆಂಟೆನಾಕ್ಕೆ. ಕರೆಂಟು 13.8 ವೋಲ್ಟ್ ಡಿಸಿ. 100 ವ್ಯಾಟ್ ಸೆಟ್ಟಿಗೆ 20 ಆಂಪಿಯರ್‌ಗೂ ಮೇಲೆ ಬೇಕು, ಟ್ಯೂನರ್‌ಗೆ ಅದರಲ್ಲಿ ಚೂರು ಸಾಕು. ಕಂಟ್ರೋಲ್ ಕೇಬಲ್ ವಿಷಯದಲ್ಲಿ ಎಚ್ಚರ. ಐಕಾಮ್, ಯೇಸು, ಕೆನ್‌ವುಡ್ ಒಂದೊಂದರ ಪಿನ್ನುಗಳ ಕ್ರಮ ಬೇರೆ. ಪ್ಲಗ್ಗು ಹಿಡಿಸಿತು ಎಂದು ಚುಚ್ಚಿದರೆ ಎರಡೂ ಕೆಡಬಹುದು. ಸಂಶಯವಿದ್ದರೆ ಆ ಕೇಬಲ್ಲೇ ಬೇಡ, ಅಲೆ ಬಂದದ್ದನ್ನು ತಾನೇ ಗ್ರಹಿಸಿ ಹೊಂದಿಸಿಕೊಳ್ಳುವ ಟ್ಯೂನರ್‌ಗಳು ಇವೆ.

ಸೆಟ್ಟಿನೊಳಗೇ ಒಂದು ಟ್ಯೂನರ್ ಇದ್ದರೆ ಅದನ್ನು ಮೊದಲು ಆಫ್ ಮಾಡಬೇಕು. ಎರಡೂ ಚಾಲೂ ಇದ್ದರೆ ಒಂದು ಹೊಂದಿಸಿದ್ದನ್ನು ಇನ್ನೊಂದು ಕೆಡಿಸುತ್ತಾ ಕೂರುತ್ತದೆ. ಒಳಗಿನ ಟ್ಯೂನರ್‌ಗಳ ಶಕ್ತಿ ಸಾಮಾನ್ಯವಾಗಿ ಎಸ್‌ಡಬ್ಲ್ಯುಆರ್ ಮೂರರವರೆಗೆ ಮಾತ್ರ. ಒಂದೇ ತಂತಿಯ ಆಂಟೆನಾಕ್ಕೆ ಅದು ಸಾಲದು ಎಂದೇ ಹೊರಗಿನ ಪೆಟ್ಟಿಗೆ ತರುವುದು.

ಟ್ಯೂನ್ ಗುಂಡಿ ಒತ್ತುವ ಮುಂಚೆ ಪವರ್ 10 ವ್ಯಾಟ್‌ಗೆ ಇಳಿಯಬೇಕು. 100 ವ್ಯಾಟ್ ಹರಿಯುತ್ತಿರುವಾಗ ರಿಲೇ ಬಡಿದಾಡಿದರೆ ಕಾಂಟ್ಯಾಕ್ಟು ಸುಡುತ್ತದೆ. ಎಸ್‌ಎಸ್‌ಬಿ ಮೋಡಿನಲ್ಲಿ ಮಾತಾಡದಿದ್ದರೆ ಅಲೆಯೇ ಹೊರಡುವುದಿಲ್ಲ, ಹಾಗಾಗಿ ಸಿಡಬ್ಲ್ಯು ಅಥವಾ ಎಎಮ್‌ಗೆ ಹೋಗಿ ಟ್ಯೂನ್ ಮಾಡಬೇಕು. ಅದಕ್ಕೂ ಮೊದಲು ಕಿವಿಗೊಟ್ಟು ಕೇಳಬೇಕು. ಯಾರಾದರೂ ಮಾತಾಡುತ್ತಿದ್ದರೆ ಅವರ ಮೇಲೆ ಕೀ ಎಂದು ಸದ್ದು ಹೊರಿಸುವುದು ಗೌರವದ ಕೆಲಸವಲ್ಲ. ‘ಈ ಫ್ರೀಕ್ವೆನ್ಸಿಯಲ್ಲಿ ಯಾರಾದ್ರೂ ಇದ್ದೀರಾ ಸಾರ್?’ ಎಂದು ಕರೆಸಂಕೇತದೊಂದಿಗೆ ಒಂದೆರಡು ಸಲ ಕೇಳಿ, ಸದ್ದಿಲ್ಲದಿದ್ದರೆ ಐದು ಸೆಕೆಂಡು ಒತ್ತಿ ಬಿಡುವುದು ಪದ್ಧತಿ.

ನೆನಪಿನ ಬಗ್ಗೆ ಒಂದು ಮಾತು. ಟ್ಯೂನರ್ ಬರೆದಿಟ್ಟುಕೊಂಡದ್ದು ಒಣ ದಿನದ ತಂತಿಯ ಲೆಕ್ಕ. ಐಪ್ಪಸಿಯ ಮಳೆ ಹಿಡಿದು ತಂತಿ, ಕಂಬ, ಇನ್ಸುಲೇಟರ್ ಎಲ್ಲ ನೆನೆದ ಮೇಲೆ ಅದು ಹೊಂದಲೇಬೇಕೆಂದಿಲ್ಲ. ಮಳೆಗಾಲದಲ್ಲಿ ಮತ್ತೊಮ್ಮೆ ಹೊಂದಿಸಿಕೊಳ್ಳಬೇಕು. ತುರ್ತು ಬರುವುದು ಹೆಚ್ಚಾಗಿ ಮಳೆಯ ದಿನಗಳಲ್ಲೇ ತಾನೆ.

ಸೂಜಿ ಹೇಳುವ ಅರ್ಧ ಸತ್ಯ

‘ಒಂದಕ್ಕೊಂದು ಬಂತು ಸಾರ್’ ಎಂದು ಹೊಸಬರು ಹಿಗ್ಗುವುದುಂಟು. ಮೀಟರಿನಲ್ಲಿ ಎಸ್‌ಡಬ್ಲ್ಯುಆರ್ 1:1. ಕರೆದರೆ ಮಾತ್ರ ಯಾರೂ ಓಗೊಡುವುದಿಲ್ಲ. ಆಂಟೆನಾ ಟ್ಯೂನರ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಕೋಣೆಯಲ್ಲಿ ಕೂತ ಟ್ಯೂನರ್ ತಾರಸಿಯ ಆಂಟೆನಾವನ್ನು ಕೂದಲೆಳೆಯಷ್ಟೂ ಬದಲಿಸುವುದಿಲ್ಲ. ಅದು ಸಮಾಧಾನ ಮಾಡುವುದು ಸೆಟ್ಟನ್ನು ಮಾತ್ರ. ಟ್ಯೂನರ್‌ನಿಂದ ಆಂಟೆನಾವರೆಗಿನ ಕೇಬಲ್ಲಿನಲ್ಲಿ ಮೊದಲಿದ್ದ ಜಗಳ ಹಾಗೇ ಇರುತ್ತದೆ.

ಲೆಕ್ಕ ಹಾಕಿಯೇ ನೋಡಬಹುದು. ಅಗ್ಗದ ಆರ್‌ಜಿ-58 ಕೇಬಲ್ 30 ಮೀಟರ್ ಇದೆ, ತುದಿಯಲ್ಲಿ ಆಂಟೆನಾದ ಎಸ್‌ಡಬ್ಲ್ಯುಆರ್ ಹತ್ತು ಇದೆ ಎಂದುಕೊಳ್ಳಿ. 7 ಮೆಗಾಹರ್ಟ್ಜ್‌ನಲ್ಲಿ ಸೆಟ್ಟು 100 ವ್ಯಾಟ್ ಕೊಟ್ಟರೆ ಆಂಟೆನಾ ಮುಟ್ಟುವುದು ಸುಮಾರು 42. ಉಳಿದದ್ದು ಕೇಬಲ್ಲಿನಲ್ಲಿ ಶಾಖವಾಗಿ ಹೋಯಿತು. 28 ಮೆಗಾಹರ್ಟ್ಜ್‌ನಲ್ಲಿ ಮುಟ್ಟುವುದು ಕಾಲು ಭಾಗ ಮಾತ್ರ. ಸಾಲದ್ದಕ್ಕೆ, ಹೋಗಿ ಬರುವಾಗ ಎರಡು ಸಲ ಸೋರುವುದರಿಂದ ಕೋಣೆಯ ಮೀಟರಿಗೆ ಕಾಣುವುದು ಹತ್ತಲ್ಲ, ನಾಲ್ಕೂವರೆಯ ಹತ್ತಿರ. ಕೇಬಲ್ ಹಳತಾಗಿ, ಒಳಗೆ ನೀರು ಸೇರಿ ಇನ್ನಷ್ಟು ಕೆಟ್ಟರೆ ಮೀಟರ್ ಇನ್ನೂ ಚೆನ್ನಾಗಿ ತೋರಿಸುತ್ತದೆ. ಕೆಟ್ಟ ಕೇಬಲ್ ಒಳ್ಳೆಯ ಸರ್ಟಿಫಿಕೇಟ್ ಕೊಡುವ ಚೋದ್ಯ ಇದು.

ಪೂರ್ತಿ ನಂಬಿಕೆ ಹೋಗಬೇಕಾದರೆ ಆಂಟೆನಾ ಬಿಚ್ಚಿ ಆ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ ಹಾಕಿ. ಡಬ್ಬಿಯೊಳಗಿನ ಒಂದು ರೆಸಿಸ್ಟರ್ ಅಷ್ಟೇ. ಸೂಜಿ 1:1ರಲ್ಲಿ ಅಲ್ಲಾಡದೆ ನಿಲ್ಲುತ್ತದೆ, ಮಾತು ಪಕ್ಕದ ಬೀದಿಗೂ ಹೋಗುವುದಿಲ್ಲ.

ಹಾಗೆಂದು ಎಲ್ಲ ಸೋರಿಕೆಯೂ ಅನಾಹುತವಲ್ಲ. ಶಕ್ತಿ ನಾಲ್ಕನೇ ಒಂದಕ್ಕೆ ಇಳಿದರೆ ಕೇಳುವವರ ಮೀಟರಿನಲ್ಲಿ ಇಳಿಯುವುದು ಒಂದೇ ಅಂಕ. ‘ಐದು-ಒಂಬತ್ತು’ ಬರುತ್ತಿದ್ದದ್ದು ‘ಐದು-ಎಂಟು’ ಆಗುತ್ತದೆ. ಭಾನುವಾರ ಬೆಳಿಗ್ಗೆ ಹರಟೆಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಸೋಮನೂರು, ಪಲ್ಲಡಂ ಕಡೆ ಪವರ್‌ಲೂಮ್ ಮೋಟಾರು ಓಡುತ್ತಿರುವ ಬೀದಿಯಲ್ಲಿ, ಎಲ್‌ಇಡಿ ದೀಪ, ಇನ್ವರ್ಟರ್ ಎಲ್ಲ ಸೇರಿ ಕಿವಿಯಲ್ಲಿ ಬರೀ ಕರಕರ ತುಂಬಿದ್ದಾಗ, ಆ ಒಂದು ಅಂಕದಲ್ಲೇ ಮಾತು ಗದ್ದಲದೊಳಗೆ ಮುಳುಗುತ್ತದೆ.

ಪರಿಹಾರ ದುಬಾರಿಯಲ್ಲ. ಕೇಬಲ್ ಗಿಡ್ಡ ಮಾಡಿ. ದಪ್ಪ ಕೇಬಲ್ ಹಾಕಿ. ಸಾಧ್ಯವಾದರೆ ನೀರು ಹೋಗದ ಪೆಟ್ಟಿಗೆಯ ಟ್ಯೂನರ್ ತಂದು ತಾರಸಿಯ ಮೇಲೆ ತಂತಿಯ ಬುಡದಲ್ಲೇ ಕೂರಿಸಿ. ಆಗ ಕೆಳಗಿನ ಕೇಬಲ್ಲಿನಲ್ಲಿ ಜಗಳವೇ ಇರುವುದಿಲ್ಲ. ಇದಾವುದೂ ಆಗದಿದ್ದರೆ ತಂತಿಯ ಉದ್ದ ಸರಿಮಾಡಿ. ಟ್ಯೂನರ್‌ಗೆ ಸುರಿಯುವ ದುಡ್ಡಿನಲ್ಲಿ ಅರ್ಧವನ್ನು ತಂತಿ, ಕಂಬ, ಕೇಬಲ್ಲಿಗೆ ಹಾಕಿದವರ ದನಿ ಹೆಚ್ಚು ದೂರ ಹೋಗುತ್ತದೆ ಎನ್ನುವುದು ಅನುಭವಿಗಳ ಮಾತು. ಬೆಂಗಳೂರಿನ ಎಸ್‌.ಪಿ. ರಸ್ತೆ, ಚೆನ್ನೈನ ರಿಚ್ಚಿ ಸ್ಟ್ರೀಟಿನಲ್ಲಿ ಕೇಬಲ್ಲು, ಕನೆಕ್ಟರು, ಫೆರೈಟ್ ರಿಂಗು ಹುಡುಕಿದರೆ ಸಿಗುತ್ತವೆ. ಕೇಬಲ್ಲನ್ನು ಫೆರೈಟ್ ರಿಂಗಿಗೆ ಹತ್ತು ಸುತ್ತು ಸುತ್ತಿದರೆ ಅದರ ಹೊರಮೈಯಲ್ಲಿ ಒಳಬರುವ ಅಲೆಯೂ ಕಡಿಮೆ, ಮನೆಯ ದೀಪಗಳ ಕರಕರವೂ ಕಡಿಮೆ.

ಇದೆಲ್ಲ ಮಾಡಿದ ಮೇಲೆ ಪರೀಕ್ಷೆ ಒಂದೇ: ಮೈಸೂರಿನವರನ್ನೋ ಬೆಂಗಳೂರಿನವರನ್ನೋ ಕರೆದು ಎಷ್ಟು ಕೇಳಿಸುತ್ತದೆ ಎಂದು ಕೇಳುವುದು. ವಾರಕ್ಕೊಮ್ಮೆ ಅದೇ ಹೊತ್ತಿಗೆ ಅದೇ ಊರಿನ ವರದಿ ಪಡೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಯಾವಾಗ ಏನು ಕೆಟ್ಟಿತು ಎಂದು ಮೀಟರಿಗಿಂತ ಮೊದಲೇ ತಿಳಿಯುತ್ತದೆ.

ರೈಲಿನ ತಂತಿ, ಸಿಡಿಲು

ಪೋತ್ತನೂರಿನಲ್ಲಿ ತಂತಿ ಕಟ್ಟುವವರು ಮರೆಯಬಾರದ ಸಂಗತಿ, ರೈಲು ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ಬೀದಿಯ ಕರೆಂಟು ತಂತಿಯೂ ಕಡಿಮೆಯದಲ್ಲ. ಕಂಬ ಬಿದ್ದರೆ, ತಂತಿ ಹರಿದರೆ ಯಾವ ಕಡೆಗೆ ಬೀಳುತ್ತದೆ ಎಂದು ನೋಡಿಕೊಂಡೇ ಜಾಗ ಆರಿಸಬೇಕು. ಆಂಟೆನಾದ ತುದಿಗಳಲ್ಲಿ ಮಾತಾಡುವಾಗ ಸುಡುವಷ್ಟು ವೋಲ್ಟೇಜ್ ಇರುತ್ತದೆ. ಬಟ್ಟೆ ಒಣಹಾಕಲು ಬರುವ ಹೆಂಗಸರು, ಗಾಳಿಪಟ ಬಿಡುವ ಮಕ್ಕಳ ಕೈಗೆ ಎಟುಕಬಾರದು. ಚಿತ್ತಿರೈ ತಿಂಗಳ ಸಂಜೆಯ ಗುಡುಗು ಕೇಳುತ್ತಿದ್ದಂತೆ ಕೇಬಲ್ಲನ್ನು ಸೆಟ್ಟಿನಿಂದ ಮಾತ್ರವಲ್ಲ, ಟ್ಯೂನರ್‌ನಿಂದಲೂ ಕಳಚಿ ಕಿಟಕಿಯಾಚೆ ಹಾಕುವುದು ಒಳ್ಳೆಯದು. ಪಕ್ಕದ ಮನೆಯವರ ಭಯಕ್ಕೆ ಉತ್ತರವೂ ಅಲ್ಲೇ ಇದೆ. ತಂತಿ ಇಳಿಯುವ ಕಡೆ ಒಂದು ಒಳ್ಳೆಯ ಅರ್ಥಿಂಗ್ ಮಾಡಿ ಅವರಿಗೂ ತೋರಿಸಿದರೆ ಮಾತು ಮುಗಿಯಿತು.

ಪೋರ್ಟ್‌ಬ್ಲೇರ್‌ನ ಆ ಬೆಳಿಗ್ಗೆ

ತಂತಿ, ಬ್ಯಾಟರಿ, ಸೆಟ್ಟು ಮೂರೂ ಸರಿಯಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡ ನಿದರ್ಶನ 2004ರ ಡಿಸೆಂಬರ್ 26. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡದೊಂದಿಗೆ ಭಾರತಿ ಪ್ರಸಾದ್ ಆ ತಿಂಗಳು ಪೋರ್ಟ್‌ಬ್ಲೇರ್‌ನಲ್ಲಿದ್ದರು. ಅಂಡಮಾನ್‌ನಿಂದ ಜಗತ್ತಿನ ಹ್ಯಾಮ್‌ಗಳ ಜತೆ ಮಾತಾಡುವುದಷ್ಟೇ ಅವರ ಉದ್ದೇಶ. ಭೂಕಂಪ, ಸುನಾಮಿಯಿಂದ ದೂರವಾಣಿ ಕಡಿದಾಗ ಹವ್ಯಾಸದ ಅದೇ ಸೆಟ್ಟು ತುರ್ತು ಸಂದೇಶಕ್ಕೆ ತಿರುಗಿತು. ಬದುಕಿದ್ದೇವೆ ಎಂಬ ಸುದ್ದಿ ದ್ವೀಪದಿಂದ ಮನೆಗಳಿಗೆ ಅದರ ಮೂಲಕ ಹೋಯಿತು.

ಮನೆಯಿಂದಲೇ ರೇಡಿಯೊ ಎನ್ನುವುದು ಕನ್ನಡಿಗರಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ರೇಡಿಯೊಗೆ ಅಂಟಿದ್ದು ಅಲ್ಲಿಂದ.

ಲೈಸೆನ್ಸ್ ಇಲ್ಲದೆ ಮಾತಾಡುವಂತಿಲ್ಲ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ರೇಡಿಯೊ ವಿಜ್ಞಾನ ಮತ್ತು ನಿಯಮಗಳ ಮೇಲೆ ಪ್ರಶ್ನೆಗಳಿರುತ್ತವೆ. ಪರೀಕ್ಷೆ, ಲೈಸೆನ್ಸ್ ಎರಡೂ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಕೈಯಲ್ಲಿವೆ. ಪಾಸಾದವರಿಗೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತ ಸಿಗುತ್ತದೆ. ವ್ಯಾಪಾರದ ಮಾತು, ಗುಪ್ತ ಭಾಷೆ ಎರಡಕ್ಕೂ ಅವಕಾಶವಿಲ್ಲ. ಕನ್ನಡದಲ್ಲಿ ಮಾತಾಡಲು ಅಡ್ಡಿಯಿಲ್ಲ. ಕರೆಸಂಕೇತವನ್ನು ಮಾತ್ರ ಆಗಾಗ ಹೇಳುತ್ತಿರಬೇಕು.

ಹ್ಯಾಮ್‌ಗಳು ಒಬ್ಬರನ್ನೊಬ್ಬರು ವಯಸ್ಸು ನೋಡದೆ ‘ಓಎಂ’ ಅಂತಾರೆ, ‘ಓಲ್ಡ್ ಮ್ಯಾನ್’ ಎಂಬುದರ ಗಿಡ್ಡ ರೂಪ. ಹದಿಮೂರರ ಹುಡುಗನೂ ಓಎಂ, ಎಪ್ಪತ್ತರ ಅಜ್ಜನೂ ಓಎಂ. ಮಾತು ಮುಗಿಸುವಾಗ ಹೇಳುವುದು ‘73’, ಶುಭಾಶಯ ಎಂದರ್ಥ. ಪೋತ್ತನೂರಿನಿಂದ ಮೈಸೂರನ್ನು ಹುಡುಕುವವರಿಗೆ ಬೆಳಿಗ್ಗೆ ಬಿಸಿಲೇರಿದ ಮೇಲಿನ ಹೊತ್ತು ಒಳ್ಳೆಯದು. ಕತ್ತಲಾದಂತೆ ಹತ್ತಿರದ ಊರುಗಳು ಮರೆಯಾಗಿ, ಅದೇ ತಂತಿಯಲ್ಲಿ ದೂರದ ದೇಶಗಳು ಕೇಳಿಸತೊಡಗುತ್ತವೆ.